ಎರಡನೇ ಅವಧಿಗೆ ಮುನ್ನ ಸಿಂಗಪುರ

ಟ್ಯಾಂಪಿನೀಸ್

ಊರು ನೋಡಲು ಹೋದವರು ತಲೆ ಎತ್ತಿ ಗೋಪುರ ನೋಡುತ್ತಾರೆ. ನಾನು ತಲೆ ತಗ್ಗಿಸಿ ಗಟಾರ ನೋಡುತ್ತೇನೆ. ಎರಡೂವರೆ ವರ್ಷ ಪುರಸಭೆಯ ಅಧ್ಯಕ್ಷೆಯಾಗಿದ್ದರಿಂದ ಬಂದ ಚಾಳಿ ಇದು. ಮದುವೆಗೆ ಹೋದರೂ ಮಂಟಪದ ಹಿಂದೆ ನೀರು ಎಲ್ಲಿ ಹರಿಯುತ್ತದೆ ಎಂದು ಒಮ್ಮೆ ನೋಡಿ ಬರುತ್ತೇನೆ. ಹಾಗಾಗಿ ಸಿಂಗಪುರಕ್ಕೆ ಹೋದ ಮೊದಲ ಬೆಳಿಗ್ಗೆ, ತಂಗಿ ಗಿರಿಜಾ ಟ್ಯಾಂಪಿನೀಸ್ ಬಡಾವಣೆಯ ತನ್ನ ಮನೆಯ ಹನ್ನೊಂದನೇ ಮಹಡಿಯಿಂದ ಕಾಣುವ ಸಮುದ್ರ ತೋರಿಸುತ್ತಿದ್ದಾಗ, ನಾನು ಕೆಳಗೆ ರಸ್ತೆಯ ಬದಿಯ ಚರಂಡಿಯನ್ನೇ ನೋಡುತ್ತಿದ್ದೆ.

ಗದಗ ಕಡೆಯ ನಮ್ಮ ಊರಿನ ಹೆಸರು ಇಲ್ಲಿ ಹಾಕುವುದಿಲ್ಲ. ಯಾಕೆ ಎಂಬುದು ಓದುತ್ತಾ ಹೋದಂತೆ ತಿಳಿಯುತ್ತದೆ. ಮೊದಲ ಸಲ ಅಧ್ಯಕ್ಷರ ಕುರ್ಚಿ ಮಹಿಳೆಗೆ ಮೀಸಲಾಗಿತ್ತು. ಶಾಲೆ ಮಾಸ್ತರಿಕೆ ಬಿಟ್ಟು ಬಂದ ನನ್ನನ್ನು ಕೂರಿಸಿದರು. ಎರಡನೇ ಸಲ ಕುರ್ಚಿ ಸಾಮಾನ್ಯ ವರ್ಗಕ್ಕೆ ಬಂತು. ಗಂಡಸರು ನಾಲ್ಕು ಜನ ತಯಾರಾಗಿದ್ದರು. ಆದರೂ ಸದಸ್ಯರು ನನಗೇ ಕೈ ಎತ್ತಿದರು. ಅದಕ್ಕೆ ಓಡಾಡಿದವರು ನನ್ನ ಯಜಮಾನರ ಅಣ್ಣ, ಹಳೇಪೇಟೆ ವಾರ್ಡಿನ ಸದಸ್ಯರಾದ ಗುರುಬಸಪ್ಪ ಭಾವ. ಹೊಸ ಅವಧಿ ದೀಪಾವಳಿ ಕಳೆದ ಮೇಲೆ ಶುರುವಾಗುವುದಿತ್ತು. ಅಷ್ಟರೊಳಗೆ ಹನ್ನೆರಡು ದಿನ ಬಂದು ಹೋಗು ಎಂದು ಗಿರಿಜಾ ಹಟ ಹಿಡಿದಳು.

ಆ ಹನ್ನೆರಡು ದಿನದಲ್ಲಿ ಬೆರಗಿಗೆ ತೆರೆದ ನನ್ನ ಬಾಯಿ ಮುಚ್ಚಿದ್ದು ಕಡಿಮೆ. ಎರಡನೇ ದಿನ ಮಧ್ಯಾಹ್ನ ಮಳೆ ಬಂತು. ಅಂಥ ಮಳೆ ನಮ್ಮೂರಲ್ಲಿ ಅರ್ಧ ತಾಸು ಬಂದಿದ್ದರೆ ಬಸ್ ಸ್ಟ್ಯಾಂಡಿನಲ್ಲಿ ಮೊಣಕಾಲುದ್ದ ನೀರು ನಿಂತು, ನನ್ನ ಮನೆಯ ಫೋನು ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಇಲ್ಲಿ ಮಳೆ ನಿಂತ ಹತ್ತು ನಿಮಿಷಕ್ಕೆ ರಸ್ತೆ ಒಣಗತೊಡಗಿತ್ತು. ನಾನು ಕೊಡೆ ಹಿಡಿದುಕೊಂಡು ಕೆಳಗಿಳಿದು ಆ ನೀರು ಎಲ್ಲಿಗೆ ಹೋಯಿತು ಎಂದು ಹುಡುಕಿದೆ. ಆಳೆತ್ತರದ ಕಾಂಕ್ರೀಟ್ ಕಾಲುವೆಯಲ್ಲಿ ಅದು ಸದ್ದು ಮಾಡುತ್ತ ಓಡುತ್ತಿತ್ತು. ಒಂದು ಪ್ಲಾಸ್ಟಿಕ್ ಚೀಲವೂ ಅದರಲ್ಲಿ ತೇಲುತ್ತಿರಲಿಲ್ಲ. ಯಾರದೋ ಮನೆಯ ದೇವರಕೋಣೆ ಇಣುಕಿ ನೋಡಿದ ಹಾಗೆ ನಾನು ಆ ಕಾಲುವೆಯನ್ನು ನೋಡುತ್ತ ನಿಂತೆ.

ಅಡುಗೆಮನೆಯ ಗೋಡೆಯಲ್ಲಿ ಒಂದು ಕಬ್ಬಿಣದ ಬಾಯಿ ಇತ್ತು. ಕಸದ ಚೀಲವನ್ನು ಅದರೊಳಗೆ ಬಿಟ್ಟರೆ ಹನ್ನೊಂದು ಮಹಡಿ ಇಳಿದು ಕೆಳಗಿನ ತೊಟ್ಟಿಗೆ ಬೀಳುತ್ತಿತ್ತು. ಮೂರನೇ ದಿನ ನಾನು ತರಕಾರಿ ಸಿಪ್ಪೆಯ ಜೊತೆಗೆ ಗಿರಿಜಾಳ ಒಳ್ಳೆಯ ಚಾಕುವನ್ನೂ ಅದರೊಳಗೆ ಬಿಟ್ಟೆ. ಅದು ಗೋಡೆಗೆ ಬಡಿದುಕೊಳ್ಳುತ್ತ ಇಳಿದು ಹೋದ ಸದ್ದು ಇಬ್ಬರೂ ಕೇಳಿಸಿಕೊಂಡೆವು. ಹೋಗಲಿ ಬಿಡು ಎಂದಳು ಅವಳು. ನನಗೆ ಮಾತ್ರ ಚಾಕುವಿಗಿಂತ, ಕೆಳಗೆ ಕಸಕ್ಕೆ ಕೈ ಹಾಕುವವನ ಚಿಂತೆ ಹತ್ತಿತು. ಓಡಿ ಹೋಗಿ ನೋಡಿದರೆ ಅಲ್ಲಿ ಯಾರೂ ಕೈ ಹಾಕುವುದೇ ಇಲ್ಲ. ಇಡೀ ತೊಟ್ಟಿಯನ್ನೇ ಯಂತ್ರ ಎತ್ತಿಕೊಂಡು ಹೋಗುತ್ತದೆ.

ಗಿರಿಜಾಳ ಗಂಡ ಮಹಾಂತೇಶ ತಂಜಾಂಗ್ ಪಗಾರ್‌ನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಾನೆ. ಅವನು ಒಂದು ಸಂಜೆ ನನ್ನ ಮುಂದೆ ನೀರಿನ ಬಾಟಲಿ ಇಟ್ಟ. ಕುಡಿದು ಹೇಗಿದೆ ಹೇಳಿ ಎಂದ. ನೀರು ನೀರಿನ ಹಾಗೇ ಇತ್ತು. ಅರ್ಧ ಬಾಟಲಿ ಮುಗಿದ ಮೇಲೆ, ಅದು ಇಡೀ ಊರಿನ ಬಚ್ಚಲು, ಪಾಯಖಾನೆಗಳಿಂದ ಹರಿದು ಬಂದದ್ದನ್ನೇ ಶುದ್ಧ ಮಾಡಿ ತುಂಬಿದ ನೀರು ಎಂದು ಹೇಳಿದ. ಆಮೇಲೆ ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡಿದೆ. ಅದರೊಳಗೆ ಒಂದು ಕಣವಿಲ್ಲ. ಉಳಿದರ್ಧವನ್ನೂ ಕುಡಿದೆ.

ಹಬ್ಬದ ಮಧ್ಯಾಹ್ನ

ದೀಪಾವಳಿಗೆ ಅಲ್ಲಿ ಸರ್ಕಾರಿ ರಜೆ. ಗಿರಿಜಾಳ ಮನೆಗೆ ಊಟಕ್ಕೆ ಎಂಟು ಹತ್ತು ಜನ ಕನ್ನಡದವರು ಬಂದಿದ್ದರು. ಹೆಚ್ಚಿನವರು ಬೆಂಗಳೂರು, ಮೈಸೂರಿನ ಸಾಫ್ಟ್‌ವೇರ್ ಮಂದಿ. ಅವರೆದುರು ನನ್ನ ತಂಗಿಯ ಮಾತು ಕೂಡ ಬದಲಾಗಿಬಿಡುತ್ತಿತ್ತು. 'ಬರ್ರಿ, ಕುಂದರ್ರಿ' ಎನ್ನುವವಳು 'ಬನ್ನಿ ಬನ್ನಿ, ಕೂತ್ಕೊಳ್ಳಿ' ಎನ್ನುತ್ತಿದ್ದಳು. ಹೋಳಿಗೆಗೆ ತುಪ್ಪ ಹಾಕುತ್ತ ನಾನು ಅದನ್ನು ಕೇಳಿ ಒಳಗೊಳಗೇ ನಗುತ್ತಿದ್ದೆ.

ಅದು 2004ನೇ ಇಸವಿ. ಅಮೆರಿಕದಲ್ಲಿ ಅಧ್ಯಕ್ಷರು ಎರಡನೇ ಸಲ ಗೆದ್ದು ಒಂದು ವಾರವಷ್ಟೇ ಆಗಿತ್ತು. ಗಂಡಸರ ಮಾತೆಲ್ಲ ಅದೇ. ಯುದ್ಧ ಮುಗಿಸುತ್ತಾರೋ ಇನ್ನೊಂದು ಹೂಡುತ್ತಾರೋ, ನಮ್ಮವರಿಗೆ ಬರುವ ಕೆಲಸ ತಡೆಯುತ್ತಾರೋ ಬಿಡುತ್ತಾರೋ ಎಂದು ಎಲೆಯ ಮುಂದೆಯೇ ವಾದ. ಕಾರ್ತಿಕ್ ಎಂಬ ಬೆಂಗಳೂರಿನ ಹುಡುಗ, ಮಹಾಂತೇಶನ ಕೈಕೆಳಗೆ ಕೆಲಸ ಮಾಡುವವನು, ಮೊದಲ ಅವಧಿಯಲ್ಲಿ ಯಾರೂ ಏನೂ ಮಾಡುವುದಿಲ್ಲ, ಗೆಲ್ಲುವುದಕ್ಕೆ ಬೇಕಾದ್ದಷ್ಟೇ ಮಾಡುತ್ತಾರೆ ಎಂದು ವಾದಿಸುತ್ತಿದ್ದ. ಮಹಾಂತೇಶ ನಗುತ್ತ, ನಮ್ಮ ಮನೆಯಲ್ಲೇ ಒಬ್ಬರು ಎರಡನೇ ಸಲ ಗೆದ್ದವರಿದ್ದಾರೆ, ಅವರನ್ನೇ ಕೇಳು ಎಂದು ನನ್ನತ್ತ ಕೈ ತೋರಿಸಿದ. ಎಲ್ಲರೂ ತಿರುಗಿದರು.

"ಹೌದಾ ಆಂಟಿ? ಕಂಗ್ರಾಟ್ಸ್. ಹಂಗಾದ್ರೆ ನೀವೇ ಹೇಳಿ, ಸೆಕೆಂಡ್ ಟರ್ಮ್‌ನಲ್ಲಿ ಏನ್ ಮಾಡ್ಬೇಕು ಅಂತ ಪ್ಲ್ಯಾನ್ ಮಾಡಿದೀರ?" ಎಂದ ಕಾರ್ತಿಕ್.

ನಾನು ಹೇಳಿದೆ. ಊರ ಬಾಗಿಲಿಗೆ ಕಲ್ಲಿನ ಕಮಾನು. ಅದರ ಅರ್ಧ ಕೆಲಸ ಮುಗಿದಿದೆ. ಬಸ್ ಸ್ಟ್ಯಾಂಡಿನ ಎದುರು ಬಣ್ಣದ ದೀಪದ ಕಾರಂಜಿ. ಮುಖ್ಯರಸ್ತೆಗೆ ಎರಡು ಕವಲಿನ ದೀಪದ ಕಂಬ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಗಿರಿಜಾಳ ಮಗಳು ಸ್ಫೂರ್ತಿ, ಒಂಬತ್ತು ವರ್ಷದವಳು, ನನ್ನ ಮೊಣಕಾಲಿಗೆ ಒರಗಿ ಕೇಳುತ್ತಿದ್ದಳು. "ದೊಡ್ಡಮ್ಮ, ಫೌಂಟನ್ ಎಲ್ಲಾ ಕಡೆ ಇರತ್ತೆ ಲಾ" ಎಂದಳು, ಅಲ್ಲಿಯವರ ಹಾಗೆ ಮಾತಿನ ಕೊನೆಗೆ ಒಂದು 'ಲಾ' ಸೇರಿಸಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಕಾರ್ತಿಕ್ ನಗಲಿಲ್ಲ. ಕೈ ತೊಳೆಯಲು ಎದ್ದಾಗ ನನ್ನ ಪಕ್ಕ ನಿಂತು, ಗೌರವದಿಂದಲೇ ಹೇಳಿದ: "ಇನ್ನು ನಿಮಗೆ ಎಲೆಕ್ಷನ್ ಭಯ ಇಲ್ವಲ್ಲ ಆಂಟಿ. ಇಷ್ಟು ದಿನ ಮಾಡೋಕೆ ಹೆದರಿದ್ದು ಏನಾದ್ರೂ ಇದ್ರೆ, ಅದನ್ನ ಮಾಡಿ."

ದಾರಿ ತಪ್ಪಿ ಟೋವಾ ಪಾಯೋ

ಹಬ್ಬದ ಮರುದಿನ ಮಹಾಂತೇಶನ ಆಫೀಸು ನೋಡಿಕೊಂಡು, ಅವನ ಜೊತೆ ಊಟ ಮಾಡುವುದೆಂದು ಮಾತಾಗಿತ್ತು. ಗಿರಿಜಾಗೆ ಸ್ಫೂರ್ತಿಯ ಶಾಲೆಯಲ್ಲಿ ಏನೋ ಕೆಲಸ. ರೈಲಿನಲ್ಲಿ ಒಬ್ಬಳೇ ಹೋಗುತ್ತೇನೆ ಎಂದೆ. ಅವಳು ಚೀಟಿಯಲ್ಲಿ ಎಲ್ಲ ಬರೆದುಕೊಟ್ಟಳು. ನಡುವೆ ಎಲ್ಲೂ ಇಳಿಯಬೇಡ, ಸೀದಾ ತಂಜಾಂಗ್ ಪಗಾರ್ ಎಂದು ಅಡಿಗೆರೆ ಹಾಕಿದ್ದಳು.

ಎಂಆರ್‌ಟಿ ರೈಲು ಒಳಗಿಂದ ಆಸ್ಪತ್ರೆಯ ಹಾಗೆ ಸ್ವಚ್ಛ. ಮಾತಿಲ್ಲ, ತಿನ್ನುವವರಿಲ್ಲ, ಶೇಂಗಾ ಸಿಪ್ಪೆ ಇಲ್ಲ. ಅರ್ಧ ದಾರಿಯಲ್ಲಿ ಒಂದು ದೊಡ್ಡ ನಿಲ್ದಾಣದಲ್ಲಿ ಇಡೀ ಡಬ್ಬಿಯೇ ಖಾಲಿಯಾಗುವಂತೆ ಜನ ಎದ್ದರು. ಇವರೆಲ್ಲ ಇಳಿಯುತ್ತಿರುವಾಗ ನಾನೊಬ್ಬಳೇ ಕುಳಿತಿದ್ದರೆ ಹೇಗೆ ಎಂದು ನಾನೂ ಇಳಿದೆ. ಎಲ್ಲರೂ ಎದುರಿನ ರೈಲು ಹತ್ತಿದರು. ನಾನೂ ಹತ್ತಿದೆ. ಗುಂಪಿನ ಹಿಂದೆ ಹೋಗುವುದು ರಾಜಕೀಯದಲ್ಲಿ ರೂಢಿಯಾಗಿತ್ತಲ್ಲ. ನಾಲ್ಕೈದು ನಿಲ್ದಾಣ ಕಳೆದ ಮೇಲೆ ಚೀಟಿಯಲ್ಲಿಲ್ಲದ ಹೆಸರುಗಳೇ ಬರತೊಡಗಿದವು. ಗಾಬರಿಯಾಗಿ ಇಳಿದರೆ ಅದು ಟೋವಾ ಪಾಯೋ.

ಗಾಬರಿಗೆ ಇನ್ನೊಂದು ಕಾರಣವೂ ಇತ್ತು. ಬೆಳಿಗ್ಗೆ ಎರಡು ಲೋಟ ಚಹಾ ಕುಡಿದಿದ್ದೆ. ನಿಲ್ದಾಣದ ಹೊರಗೆ ಸಾಲು ಸಾಲು ಹಳೆಯ ಎತ್ತರದ ಮನೆಗಳು, ನಡುವೆ ಒಂದು ಹಾಕರ್ ಸೆಂಟರ್. ಒಂದೇ ಸೂರಿನಡಿ ಐವತ್ತು ಅರವತ್ತು ಸಣ್ಣ ಖಾನಾವಳಿ. ಅದರ ಹಿಂಬದಿಯಲ್ಲಿ ಶೌಚಾಲಯದ ಚಿತ್ರ ಕಂಡಿತು. ಬಾಗಿಲಲ್ಲಿ ಒಂದು ಕುರ್ಚಿ. ಅದರ ಮೇಲೆ ಎಪ್ಪತ್ತರ ಮೇಲಿನ ಒಬ್ಬ ಚೀನೀ ಮುದುಕ. ಚಿಲ್ಲರೆಗೆ ನಾನು ಪರ್ಸು ತಡಕಾಡುವುದನ್ನೂ, ನನ್ನ ಮುಖವನ್ನೂ ನೋಡಿ, ಮೊದಲು ಒಳಗೆ ಹೋಗು ಎಂದು ಕೈ ಬೀಸಿದ.

ಹೊರಗೆ ಬಂದ ಮೇಲೂ ನಾನು ಅಲ್ಲೇ ನಿಂತುಬಿಟ್ಟೆ. ನೆಲ ಒಣಗಿತ್ತು. ಕೈ ತೊಳೆಯುವಲ್ಲಿ ಗಾಜಿನ ಬಾಟಲಿಯಲ್ಲಿ ಹಸಿರು ಬಳ್ಳಿ ಇಟ್ಟಿದ್ದರು. ಪಕ್ಕದಲ್ಲೇ ಜನ ಕುಳಿತು ಉಣ್ಣುತ್ತಿದ್ದರು, ಒಂದು ಚೂರು ವಾಸನೆ ಇಲ್ಲ. ನಮ್ಮ ಬಸ್ ಸ್ಟ್ಯಾಂಡಿನ ಶೌಚಾಲಯ ನೆನೆದು, ಹರಕು ಇಂಗ್ಲಿಷಿನಲ್ಲಿ, ಇದನ್ನು ಹೀಗೆ ಯಾರು ಇಡುತ್ತಾರೆ ಎಂದು ಮುದುಕನನ್ನು ಕೇಳಿದೆ. ಅವನು ತನ್ನ ಎದೆ ತಟ್ಟಿಕೊಂಡ. ಅವನ ಇಂಗ್ಲಿಷು ನನ್ನದಕ್ಕಿಂತ ಹರಕು. ಹಾಗಾಗಿ ಇಬ್ಬರಿಗೂ ಸಂಕೋಚವಿರಲಿಲ್ಲ. ಹೆಸರು ಲಿಮ್ ಎಂದ. ಇನ್ನೊಂದು ಕುರ್ಚಿ ಎಳೆದ.

ಸಿಂಗಪುರ ಹುಟ್ಟಿದಾಗಿನಿಂದಲೂ ಹೀಗೇ ಸ್ವಚ್ಛವಾಗಿತ್ತು ಎಂದು ನಾನು ತಿಳಿದಿದ್ದೆ. ಅದನ್ನೇ ಹೇಳಿದೆ. ಮುದುಕ ಜೋರಾಗಿ ನಕ್ಕ. ಆಮೇಲೆ ಬಗ್ಗಿ, ಹೆಗಲ ಮೇಲೆ ಬಿದಿರಿನ ಅಡ್ಡೆ ಹೊತ್ತು ಎರಡು ತುದಿಗೂ ಬಕೀಟು ತೂಗಿಸಿಕೊಂಡು ನಡೆಯುವ ನಟನೆ ಮಾಡಿ ತೋರಿಸಿದ. ಬಕೀಟಿನಲ್ಲಿ ಏನು ಎಂದು ತೋರಿಸಲು ಮೂಗು ಮುಚ್ಚಿಕೊಂಡ. ಮನೆಗಳ ಹಿಂಬದಿಯ ಸಣ್ಣ ಬಾಗಿಲು ತೆಗೆದು, ತುಂಬಿದ ಬಕೀಟು ಎಳೆದು, ಖಾಲಿಯದನ್ನು ಇಟ್ಟು ಬರುವ ಕೆಲಸ. ಅವುಗಳನ್ನು ಒಯ್ಯುವ ಲಾರಿಗೆ ಮೂವತ್ತೆರಡು ಪುಟ್ಟ ಬಾಗಿಲುಗಳಿದ್ದವಂತೆ, ಒಂದೊಂದರ ಹಿಂದೆ ಒಂದೊಂದು ಬಕೀಟು. ಆ ಲಾರಿ ಬಂದರೆ ಜನ ಮೂಗು ಹಿಡಿದು ಓಡುತ್ತಿದ್ದರಂತೆ. ಹರೆಯದಿಂದ ಅವನು ಅದೇ ಕೆಲಸ ಮಾಡಿದ್ದ.

ಎಷ್ಟು ವರ್ಷದ ಹಿಂದಿನ ಮಾತು, ಬ್ರಿಟಿಷರ ಕಾಲದ್ದೇ ಎಂದು ಕೇಳಿದೆ. ಅವನು ಬೆರಳು ಮಡಚಿದ. ಕೊನೆಯ ಬಕೀಟು ನಿಂತು ಇನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ.

ನನಗೆ ಮೈ ಜುಮ್ಮೆಂದಿತು. ಆಕಾಶ ಮುಟ್ಟುವ ಕಟ್ಟಡ ನೋಡಿಯೂ ಆಗದ್ದು ಆಗ ಆಯಿತು. ಮೊನ್ನೆ ಮೊನ್ನೆಯವರೆಗೆ ಮನುಷ್ಯನ ಹೆಗಲ ಮೇಲೆ ಮಲ ಹೊರಿಸಿದ ಊರು ಇವತ್ತು ಅದೇ ನೀರನ್ನು ಬಾಟಲಿಗೆ ತುಂಬಿ ಕೊಡುತ್ತಿದೆ. ಹೊತ್ತವನು ನನ್ನೆದುರು ಕುಳಿತು ಕಾಫಿ ಹೀರುತ್ತಿದ್ದಾನೆ.

ನೀನೇನು ಕೆಲಸ ಮಾಡುತ್ತೀ ಎಂದು ಅವನು ಕೇಳಿದ. ಪ್ರೆಸಿಡೆಂಟ್ ಎಂದೆ, ಸಣ್ಣ ಊರಿಗೆ. ಅವನು ಕುರ್ಚಿಯಲ್ಲಿ ನೆಟ್ಟಗಾದ. ಒಂದು ಗಳಿಗೆ ನನ್ನನ್ನೇ ನೋಡಿ ಕೇಳಿದ: "ನಿನ್ನ ಊರಲ್ಲಿ ಬಕೀಟು ಇದೆಯಾ?"

"ಇಲ್ಲ" ಎಂದೆ.

ಅಷ್ಟು ಬೇಗ ಆ ಮಾತು ಬಂದದ್ದಕ್ಕೆ ಕಾರಣವಿತ್ತು. ಅದನ್ನು ಮೊದಲೇ ಒಮ್ಮೆ ಬರೆದು ಕೊಟ್ಟಿದ್ದೆ. ಮೊದಲ ಅವಧಿಯಲ್ಲಿ ಮೇಲಿನಿಂದ ಒಂದು ಪತ್ರ ಬಂದಿತ್ತು. ನಿಮ್ಮ ಊರಲ್ಲಿ ಕೈಯಿಂದ ಬಳಿಯುವ ಪಾಯಖಾನೆಗಳಿಲ್ಲ, ಮಲ ಹೊರುವವರಿಲ್ಲ ಎಂದು ದೃಢೀಕರಿಸಿ ಎಂಬುದು ಅದರ ಸಾರ. ಎಲ್ಲ ಊರಿನವರೂ ಇಲ್ಲ ಎಂದೇ ಬರೆಯುತ್ತಾರೆ, ಇದೆ ಎಂದರೆ ನಮಗೇ ತೊಂದರೆ ಎಂದು ಕಚೇರಿಯಲ್ಲಿ ಹೇಳಿದರು. ಸಹಿ ಮಾಡಿದೆ. ಮಾಡುವಾಗ ಹಳೇಪೇಟೆಯ ಹಿಂದಿನ ಗಲ್ಲಿ ಕಣ್ಣ ಮುಂದೆ ಬಂದಿತ್ತು. ಗುರುಬಸಪ್ಪ ಭಾವನ ಮನೆಯೂ ಸೇರಿ ಆ ಸಾಲಿನ ಮನೆಗಳ ಹಿತ್ತಲಿಗೆ ಬೆಳಕು ಹರಿಯುವ ಮುಂಚೆ ದುರ್ಗವ್ವ ಎಂಬ ಹೆಂಗಸು, ಆಕೆಯ ನಾದಿನಿಯರು, ಬುಟ್ಟಿ ಹಿಡಿದು ಬರುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಅದೇ ಮನೆಯಲ್ಲಿದ್ದೆ. ದುರ್ಗವ್ವ ಬರುವ ಹೊತ್ತಿಗೆ ಹಿತ್ತಲ ಬಾಗಿಲು ಹಾಕಿಕೊಳ್ಳಬೇಕು ಎಂದು ಅತ್ತೆ ಕಲಿಸಿದ್ದರು. ಇಪ್ಪತ್ತೆರಡು ವರ್ಷ ನಾನು ಆಕೆಯ ಮುಖ ಸರಿಯಾಗಿ ನೋಡಿದ್ದಿಲ್ಲ.

ಲಿಮ್ ತಲೆಯಾಡಿಸಿ, ಒಳ್ಳೆಯ ಪ್ರೆಸಿಡೆಂಟ್ ಎಂದು ಹೆಬ್ಬೆರಳು ಎತ್ತಿದ. ನಿಲ್ದಾಣದವರೆಗೆ ಬಂದು ನನ್ನನ್ನು ಸರಿಯಾದ ರೈಲಿಗೆ ಹತ್ತಿಸಿದ. ತಂಜಾಂಗ್ ಪಗಾರ್‌ನಲ್ಲಿ ಮಹಾಂತೇಶ ಗಾಜಿನ ಕಟ್ಟಡದ ಕೆಳಗೆ ಕಂಗಾಲಾಗಿ ನಿಂತಿದ್ದ. ಆ ಮಧ್ಯಾಹ್ನದ ಊಟದ ರುಚಿ ನನಗೆ ನೆನಪಿಲ್ಲ.

ಟೋವಾ ಪಾಯೋ, ಬೇಕೆಂದೇ

ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಗಿರಿಜಾಗೆ ಹೇಳಿದೆ. ಅವಳು ಹಪ್ಪಳ ಕರಿಯುತ್ತಿದ್ದಳು, ಒಲೆ ಆರಿಸಿದಳು. ಯಾರೋ ಮುದುಕ, ಇನ್ನೆಂದೂ ನೋಡುವವನಲ್ಲ, ಬಿಡು ಎಂದು ಸಮಾಧಾನ ಹೇಳಲು ನೋಡಿದಳು. ಅದಕ್ಕೇ ಹೋಗಬೇಕು, ಊರಲ್ಲಿ ಹೇಳುವುದಕ್ಕೆ ಮುಂಚೆ ಒಮ್ಮೆ ಎಲ್ಲಾದರೂ ಹೇಳಿ ನೋಡಬೇಕು ಎಂದೆ.

ಇಬ್ಬರೂ ಹೋದೆವು. ಲಿಮ್ ಅದೇ ಕುರ್ಚಿಯಲ್ಲಿದ್ದ. ಹನ್ನೆರಡು ವರ್ಷ ಅಲ್ಲಿದ್ದ ಗಿರಿಜಾಗೆ ಅವನ ಮಾತಿನ ಧಾಟಿ ಚೆನ್ನಾಗಿ ತಿಳಿಯುತ್ತಿತ್ತು. ಅವಳೇ ನಡುವೆ ನಿಂತು ಹೇಳಿದಳು: ನಮ್ಮ ಅಕ್ಕ ಮೊನ್ನೆ ಸುಳ್ಳು ಹೇಳಿದಳು, ಅವಳ ಊರಲ್ಲಿ ಬಕೀಟು ಇದೆ.

ಅವನು ಸಿಟ್ಟಾಗಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ. ಹೊರುವವರ ಹೆಸರು ಗೊತ್ತಿದೆಯಾ ಎಂದಷ್ಟೇ ಕೇಳಿದ. ದುರ್ಗವ್ವ ಎಂದೆ. ಅವನು ಆ ಹೆಸರನ್ನು ತನ್ನ ನಾಲಿಗೆಯಲ್ಲಿ ಎರಡು ಸಲ ಹೇಳಲು ಪ್ರಯತ್ನಿಸಿದ. ತನ್ನ ಕಾಲದಲ್ಲಿ ಆ ಬೀದಿಗಳಲ್ಲಿ ಯಾರಿಗೂ ತನ್ನ ಹೆಸರು ಗೊತ್ತಿರಲಿಲ್ಲ ಎಂದ.

ಆಮೇಲೆ ಬದಲಿಗೆ ಇನ್ನೊಬ್ಬ ಹೆಂಗಸನ್ನು ಕೂರಿಸಿ, ಎದುರಿನ ಬ್ಲಾಕಿನ ನಾಲ್ಕನೇ ಮಹಡಿಯ ತನ್ನ ಮನೆಗೆ ಕರೆದೊಯ್ದ. ಎರಡು ಕೋಣೆಯ ಸ್ವಂತ ಮನೆ. ಹೆಂಡತಿ ಹಾಲಿಲ್ಲದ ಚಹಾ ಕೊಟ್ಟಳು. ಚಹಾ ಮುಗಿಯುತ್ತಲೇ ಲಿಮ್ ನಮ್ಮನ್ನು ಎಬ್ಬಿಸಿ ತನ್ನ ಶೌಚಾಲಯದ ಬಾಗಿಲು ತೆಗೆದು ತೋರಿಸಿದ. ಬಿಳಿ ಟೈಲ್ಸ್, ಮಿಂಚುವ ನಲ್ಲಿ. ಗುಂಡಿ ಒತ್ತಿ ನೀರು ಬಿಟ್ಟ. ಗಿರಿಜಾ ನಾಚಿಕೆಯಿಂದ ನೆಲ ನೋಡಿದಳು. ಮದುವೆಯ ಮನೆಯಲ್ಲಿ ಒಡವೆ ತೋರಿಸುವವರ ಮುಖದಲ್ಲಿ ಇರುತ್ತದಲ್ಲ, ಅಂಥ ಹೆಮ್ಮೆ ಅವನ ಮುಖದಲ್ಲಿತ್ತು. ಗೋಡೆಯ ಹಿಂಬದಿ ತಟ್ಟಿ, ಇಲ್ಲಿ ಹಿಂದಿನ ಬಾಗಿಲು ಇಲ್ಲ, ಯಾರೂ ಬರಬೇಕಾಗಿಲ್ಲ ಎಂದ.

ಇದನ್ನು ನಿಲ್ಲಿಸಿದವರು ಯಾರು, ಯಾವ ಮಂತ್ರಿ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಒಂದೊಂದೇ ಬೀದಿಗೆ ಪೈಪು ಬಂತು, ಒಂದೊಂದೇ ಬಾಗಿಲು ಮುಚ್ಚಿತು, ತುಂಬಾ ವರ್ಷ ಹಿಡಿಯಿತು ಎಂದ. ನಾವು ಹೊರಡುವಾಗ ಗಿರಿಜಾಳ ಕೈ ಹಿಡಿದು ನಿಲ್ಲಿಸಿ, ಇದನ್ನು ಸರಿಯಾಗಿ ಹೇಳು ಎಂದು ಎರಡು ಸಲ ತಾಕೀತು ಮಾಡಿ ಹೇಳಿದ. ಅವಳು ಮೆಟ್ಟಿಲ ಬಳಿ ನಿಂತು ಅದನ್ನು ನನಗೆ ಕನ್ನಡದಲ್ಲಿ ಹೇಳಿದಳು:

"ಮೊದ್ಲು ಅವರ ಕೈಗೆ ಬ್ಯಾರೆ ಕೆಲಸ ಕೊಡಬೇಕಂತ ಅಕ್ಕಾ. ಆಮ್ಯಾಲೆ ಬಕೀಟು ತಗೋಬೇಕಂತ. ಮೊದ್ಲು ಬಕೀಟು ಕಸಗೊಂಡ್ರ, ನೀ ದೊಡ್ಡಾಕಿ ಆಗ್ತಿ, ಅವರು ಉಪವಾಸ ಬೀಳ್ತಾರಂತ."

ಊರು

ಹೊಸ ಅವಧಿಯ ಮೊದಲ ಸಭೆಯಲ್ಲಿ ಹಾರ, ಪೇಡೆ ಎಲ್ಲ ಮುಗಿದ ಮೇಲೆ ನಾನು ಎದ್ದು ನಿಂತೆ. ಕಳೆದ ಅವಧಿಯಲ್ಲಿ ಈ ಪುರಸಭೆ ಕೊಟ್ಟ ಒಂದು ಪತ್ರ ಸುಳ್ಳು, ಅದರ ಮೇಲಿರುವ ಸಹಿ ನನ್ನದು ಎಂದೆ. ಹಳೇಪೇಟೆಯ ಗಲ್ಲಿಯ ಹೆಸರು ಹೇಳಿದೆ. ಭಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದರು. ಮನೆ ಮರ್ಯಾದೆಯನ್ನು ಮೇಜಿನ ಮೇಲೆ ಇಟ್ಟಳು ಎಂದು ಊರೆಲ್ಲ ಹೇಳಿಕೊಂಡು ಬಂದರು. ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟರು. ಇವತ್ತಿಗೂ ಪೂರ್ತಿ ಕೂಡಿಲ್ಲ.

ಸುಳ್ಳು ಬರೆದದ್ದಕ್ಕೆ ಮೇಲಿನಿಂದ ನೋಟೀಸು ಬಂತು, ವಿಚಾರಣೆ ಆಯಿತು. ಅದೇ ವಿಚಾರಣೆಯಿಂದ ಆ ಗಲ್ಲಿ ಕಾಗದದ ಮೇಲೆ ಮೊದಲ ಸಲ ಬಂತು. ಕಮಾನು ಅರ್ಧಕ್ಕೇ ನಿಂತಿತು. ಕಾರಂಜಿ ಆಗಲೇ ಇಲ್ಲ. ಎರಡೂವರೆ ವರ್ಷದಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ದುರ್ಗವ್ವನ ಮನೆಯ ಐದು ಹೆಂಗಸರಿಗೆ ಮೊದಲು ಕೆಲಸ ಹುಡುಕಿದೆವು. ಇಬ್ಬರಿಗೆ ನೀರಿನ ಟಾಕಿಯ ಬಳಿ, ಮೂವರಿಗೆ ಪುರಸಭೆಯ ಸಸಿ ತೋಟದಲ್ಲಿ. ಕೆಲಸದ ಆದೇಶ ಕೈಗೆ ಬಂದ ಮೇಲೆಯೇ ಗುಂಡಿ ತೋಡಿ, ಪೈಪು ಹಾಕಿ, ಮನೆಯಿಂದ ಮನೆಗೆ ಹಳೆಯ ಪಾಯಖಾನೆ ಒಡೆಯುತ್ತ ಹೋದೆವು. ಕೊನೆಗೆ ಉಳಿದದ್ದು ಭಾವನ ಮನೆಯದು. ಅವರು ಬಾಗಿಲಲ್ಲಿ ಅಡ್ಡ ಕುಳಿತಿದ್ದರು. ಒಳಗಿನಿಂದ ನನ್ನ ನೆಗೆಣ್ಣಿ ಪಾರ್ವತಕ್ಕ ಬಂದು, ಗಂಡನ ಕಡೆ ನೋಡದೆ, ಹಿತ್ತಲ ಬಾಗಿಲಿನ ಚಿಲಕ ತೆಗೆದು ಕೂಲಿಯವರನ್ನು ಒಳಗೆ ಕರೆದಳು.

ಗೋಡೆ ಬೀಳುವಾಗ ದುರ್ಗವ್ವ ಗಲ್ಲಿಯ ತುದಿಯಲ್ಲಿ ನಿಂತು ನೋಡುತ್ತಿದ್ದಳು. ಮಣ್ಣು ಸಮ ಮಾಡಿ ಜನ ಹೋದ ಮೇಲೆ ನನ್ನ ಹತ್ತಿರ ಬಂದಳು.

"ನಾಳೆ ಎಷ್ಟಕ್ಕ ಏಳಬೇಕ್ರೀ ಅಕ್ಕಾರ?" ಎಂದಳು.

ತೋಟದ ಕೆಲಸ ಎಂಟಕ್ಕೆ ಎಂದು ನೆನಪಿಸಿದೆ.

"ಕೆಲಸ ಎಂಟಕ್ಕ, ಗೊತ್ತೈತ್ರೀ. ಏಳೂದು ಎಷ್ಟಕ್ಕ?"

ಹನ್ನೆರಡನೇ ವಯಸ್ಸಿನಿಂದ ಆಕೆ ಯಾರ ಕಣ್ಣಿಗೂ ಬೀಳಬಾರದೆಂದು ಕತ್ತಲಲ್ಲೇ ಎದ್ದವಳು.

"ನಿನಗ ಎಚ್ಚರಾದಾಗ ಏಳವ್ವ" ಎಂದೆ.

ಆಕೆ ಆ ಮಾತನ್ನು ತನ್ನಷ್ಟಕ್ಕೇ ಒಮ್ಮೆ ಹೇಳಿ ನೋಡಿಕೊಂಡಳು. ಆಮೇಲೆ ಸೆರಗು ಕೊಡವಿಕೊಂಡು, ಹಿಂದಿನ ಗಲ್ಲಿಯಿಂದಲ್ಲ, ಪೇಟೆಯ ನಡುಬೀದಿಯಿಂದಲೇ ಮನೆಯ ಕಡೆ ನಡೆದಳು.